ಪದಚರ್ಚೆ (ತುರ್ತು): ವಿಶ್ವಸಂಸ್ಥೆಯ ಮತದಾನದಲ್ಲಿ ‘ತಟಸ್ಥ’ ಸರಿಯೇ? ‘ಉತ್ತರದಾಯಿತ್ವ’ಕ್ಕಿಂತ ಹಗುರ ಪದ ಇದೆಯೇ?

ಧಾರವಾಡದಿಂದ, ಕೇಳುತ್ತಿರುವ ಅನುವಾದಕಿ

ಎಲ್ಲರಿಗೂ ನಮಸ್ಕಾರ. ಎರಡು ಪದ ಬೇಕಾಗಿವೆ. ನಾಳೆ ಬೆಳಗ್ಗೆ ಹನ್ನೊಂದಕ್ಕೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು.

ಇಲ್ಲಿನ ಒಂದು ಕಾನೂನು ಕಾಲೇಜಿನ ಹುಡುಗ ಹುಡುಗಿಯರು ಜುಲೈ 17ಕ್ಕೆ ಸಣ್ಣ ಪ್ರದರ್ಶನ ಇಡುತ್ತಿದ್ದಾರೆ. 1998ರಲ್ಲಿ ಅದೇ ದಿನ ರೋಮ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಶಾಸನ ಪಾಸಾಯಿತು. ನರಮೇಧ, ಯುದ್ಧಾಪರಾಧ ಇಂಥವುಗಳ ವಿಚಾರಣೆ ವಿಷಯದಲ್ಲಿ ಭಾರತ ಸರ್ಕಾರ ಯಾವ ವರ್ಷ ಯಾವ ನಿಲುವು ತಗೊಂಡಿತು ಅನ್ನುವುದು ಪ್ರದರ್ಶನದ ವಿಷಯ. ಆರು ಫ್ಲೆಕ್ಸ್. ಇಂಗ್ಲಿಷ್ ಬರಹ ಅವರದು, ಕನ್ನಡ ನನ್ನದು.

ಮೊದಲ ತೊಡಕು. ರೋಮ್‌ನಲ್ಲಿ 120 ದೇಶ ಪರ, 7 ವಿರೋಧ, 21 ದೇಶ ಎರಡೂ ಕಡೆ ಇಲ್ಲ. ಆ 21ರಲ್ಲಿ ಭಾರತ ಒಂದು. ನಾನು ‘ತಟಸ್ಥ’ ಅಂತ ಬರೆದೆ. ಬರೆದ ಮೇಲೆ ಮನಸ್ಸು ಒಪ್ಪಲಿಲ್ಲ. ತಟದಲ್ಲಿ ನಿಂತವನು ನೀರಿಗೆ ಇಳಿಯದವನು, ಅಲ್ವಾ? ಭಾರತ ಅಲ್ಲಿ ದಂಡೆಯ ಮೇಲೆ ನಿಂತಿರಲಿಲ್ಲ. ನಿಷೇಧಿತ ಆಯುಧಗಳ ಪಟ್ಟಿಗೆ ಅಣ್ವಸ್ತ್ರವನ್ನೂ ಸೇರಿಸಿ ಅಂತ ತಿದ್ದುಪಡಿ ತಂದಿತ್ತು. ಅದೂ ಪೋಖ್ರಾಣ್ ಸ್ಫೋಟ ನಡೆದು ಎರಡೇ ತಿಂಗಳಾಗಿತ್ತು. ಭದ್ರತಾ ಮಂಡಳಿಗೆ ಆ ಕೋರ್ಟಿನ ಮೇಲೆ ಹಿಡಿತ ಬೇಡ ಅಂತಲೂ ಹಟ ಹಿಡಿದಿತ್ತು. ಆ ತಿದ್ದುಪಡಿಗಳನ್ನು ಕೈಗೆತ್ತಿಕೊಳ್ಳುವುದೇ ಬೇಡ ಎಂದು ನಾರ್ವೆ ಸೂಚನೆ ಮಂಡಿಸಿತು, ಅದು ಗೆದ್ದಿತು. ಇಷ್ಟೆಲ್ಲ ಜಗಳ ಮಾಡಿದವರನ್ನು ತಟಸ್ಥ ಅನ್ನುವುದು ಹೇಗೆ?

ಎರಡನೆಯದು. ಶ್ರೀಲಂಕಾ ಯುದ್ಧದ ಬಗ್ಗೆ ಮಾನವ ಹಕ್ಕು ಮಂಡಳಿಯ ನಿರ್ಣಯಗಳಲ್ಲಿ ಒಂದು ಪದ ಮತ್ತೆ ಮತ್ತೆ ಬರುತ್ತದೆ. ಆಗಿಹೋದ ಅಪರಾಧಕ್ಕೆ ಮಾಡಿದವರು ಉತ್ತರ ಕೊಡಬೇಕು ಅನ್ನುವ ಅರ್ಥ. ಸರ್ಕಾರಿ ಕನ್ನಡದಲ್ಲಿ ‘ಉತ್ತರದಾಯಿತ್ವ’ ಅನ್ನುತ್ತಾರೆ. ನಾಲ್ಕು ಅಡಿ ಫ್ಲೆಕ್ಸ್‌ನಲ್ಲಿ ಅದನ್ನು ಯಾರು ಓದುತ್ತಾರೆ? ‘ಹೊಣೆಗಾರಿಕೆ’ ನಡೆಯುತ್ತದೆಯೇ?

ಗದಗದಿಂದ, ನಿವೃತ್ತ ಕನ್ನಡ ಮಾಸ್ತರ್

ಮೊದಲು ಕೋರ್ಟಿನ ಹೆಸರು ಸರಿ ಮಾಡಿ ತಂಗಿ. ‘ಅಂತರರಾಷ್ಟ್ರೀಯ’ ಅಲ್ಲ, ‘ಅಂತಾರಾಷ್ಟ್ರೀಯ’. ನಿರ್ + ರಸ ನೀರಸ, ನಿರ್ + ರೋಗ ನೀರೋಗ ಆದ ಹಾಗೆಯೇ ಇದೂ. ನಲವತ್ತು ವರ್ಷ ಹಲಗೆ ಮೇಲೆ ಬರೆದು ತೋರಿಸಿದ್ದೇನೆ, ಇನ್ನೂ ತಪ್ಪು ನಿಂತಿಲ್ಲ.

ಹೊಣೆ ವಿಷಯ. ಹೊಣೆ ಅಚ್ಚ ಕನ್ನಡ. ಹಳಗನ್ನಡದಲ್ಲಿ ‘ಪೊಣೆ’, ತಮಿಳಿನಲ್ಲಿ ‘ಪುಣೈ’. ಮೂಲ ಅರ್ಥ ಕಟ್ಟು, ಬಂಧ. ಅಲ್ಲಿಂದ ಒಬ್ಬನ ಪರವಾಗಿ ಕಟ್ಟಿಕೊಂಡು ನಿಲ್ಲುವುದು. ಕಿಟೆಲ್ ಅವರ 1894ರ ನಿಘಂಟು ತೆಗೆದು ನೋಡಿ, ಜಾಮೀನು ಅನ್ನುವ ಅರ್ಥ ಸಿಗುತ್ತದೆ. ಕಿಟೆಲ್ ನಮ್ಮ ಧಾರವಾಡ ಕಡೆ ಓಡಾಡಿ ಜನರ ಬಾಯಿಂದ ಪದ ಕೂಡಿಸಿದವರು. ನಿಮ್ಮ ಊರಿನ ಪದವನ್ನೇ ಬಿಟ್ಟು ಉತ್ತರದಾಯಿತ್ವದ ಬೆನ್ನು ಏಕೆ ಹತ್ತಿದಿರಿ? ಹೊಣೆಗಾರಿಕೆ ಹಾಕಿ. ಮುಗಿಯಿತು.

ಹಾವೇರಿಯಿಂದ, ವಕೀಲ

ಮುಗಿಯಲಿಲ್ಲ ಮಾಸ್ತರೇ. ನೀವು ಹೇಳಿದ ಅರ್ಥವೇ ನಿಮಗೆ ಎದುರಾಗಿದೆ. ಹೊಣೆ ಎಂದರೆ ಜಾಮೀನು ಆದರೆ, ಹೊಣೆಗಾರ ಇನ್ನೊಬ್ಬನ ಪರ ನಿಂತವನು. ಇಲ್ಲಿ ಬೇಕಾಗಿರುವುದು ಕೊಂದವನೇ ಬಂದು ಉತ್ತರ ಕೊಡುವುದು. ಅದೂ ಅಲ್ಲದೆ ಸೊಸೈಟಿಯ ಅಢಾವೆ ಪತ್ರಿಕೆಯಲ್ಲಿ ‘ಆಸ್ತಿ ಮತ್ತು ಹೊಣೆಗಾರಿಕೆ’ ಅಂತ ಇರುತ್ತದೆ. ಸಾಲದ ಬಾಬತ್ತು ಅದು. ಹೆಣ ಬಿದ್ದ ವಿಷಯಕ್ಕೆ ಆ ಪದ ತರಬೇಡಿ.

ನಮ್ಮ ಕಡೆ ಪದ ಮೊದಲೇ ಇದೆ. ‘ಜಬಾಬು’. ಠಾಣೆಯಲ್ಲಿ ಜಬಾಬು ಬರೆಸಿದ, ಮೇಲಿನವರಿಗೆ ಜಬಾಬು ಕೊಡಬೇಕು ಅನ್ನುತ್ತೇವಲ್ಲ. ಹಿಂದಿಯವರು ಇದೇ ಅರ್ಥಕ್ಕೆ ‘ಜವಾಬ್‌ದೇಹಿ’ ಅನ್ನುತ್ತಾರೆ, ಜವಾಬು ಕೊಡುವಿಕೆ ಅಂತ. ಜವಾಬ್ದಾರಿ ಬೇರೆ, ಇದು ಬೇರೆ. ಜವಾಬ್ದಾರಿ ಇರುವ ಹುಡುಗ ಎಂದರೆ ಒಳ್ಳೆಯ ಹುಡುಗ. ಜಬಾಬು ಕೊಡಬೇಕಾದ ಹುಡುಗ ಎಂದರೆ ಏನೋ ಮಾಡಿಕೊಂಡಿದ್ದಾನೆ ಅಂತ.

ತಟಸ್ಥ ಸರಿ ಇದೆ. ನಮ್ಮೂರ ಪಂಚಾಯತಿ ನಡಾವಳಿಯಲ್ಲಿಯೂ ಪರ, ವಿರೋಧ, ತಟಸ್ಥ ಅಂತಲೇ ಬರೆಯುತ್ತಾರೆ. ಮತ ಮತವೇ. ಭಾಷಣದಲ್ಲಿ ಏನು ಜಗಳ ಆಡಿದರು ಅನ್ನುವುದು ಮತದ ಕಾಲಂನಲ್ಲಿ ಬರುವುದಿಲ್ಲ.

ಹುಬ್ಬಳ್ಳಿಯಿಂದ, ಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ ಮಾಡುವವನು

ಅಕ್ಕಾರೇ, ದಯವಿಟ್ಟು ‘ಗೈರು’ ಅಂತ ಮಾತ್ರ ಹಾಕಬೇಡಿ. ರಾತ್ರಿ ಪಾಳಿಯಲ್ಲಿ ಈ ತಪ್ಪು ಎಷ್ಟೋ ಸಲ ನನ್ನ ಕೈಗೆ ಬಂದಿದೆ. ‘ಮತದಾನಕ್ಕೆ ಭಾರತ ಗೈರು’ ಅಂತ ಶೀರ್ಷಿಕೆ ಬರುತ್ತದೆ, ಜಾಗ ಕಡಿಮೆ ಅಂತ. ಗೈರು ಎಂದರೆ ಸಭೆಗೇ ಬಂದಿಲ್ಲ ಅಂತ. ಭಾರತ ಕುರ್ಚಿಯಲ್ಲಿ ಕೂತಿರುತ್ತದೆ, ಗುಂಡಿ ಒತ್ತಿರುತ್ತದೆ, ಆ ಗುಂಡಿ ಮೂರನೆಯದು ಅಷ್ಟೇ. ‘ದೂರ ಉಳಿದ ಭಾರತ’ ಅನ್ನುವುದೂ ನನಗೆ ಇಷ್ಟವಿಲ್ಲ. ದೂರ ಉಳಿಯುವುದು ಎಂದರೆ ಮದುವೆಗೆ ಹೋಗದೆ ಇರುವುದು.

ಈ ಮೂರನೆಯ ಗುಂಡಿಗೆ ಎಷ್ಟು ಬಲ ಇದೆ ಅಂತ ಜನರಿಗೆ ಗೊತ್ತಾಗಬೇಕು. 2005ರಲ್ಲಿ ಸೂಡಾನ್‌ನ ದಾರ್ಫುರ್ ಪ್ರಕರಣವನ್ನು ಭದ್ರತಾ ಮಂಡಳಿ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಿತು. 11 ಪರ, ವಿರೋಧ ಯಾರೂ ಇಲ್ಲ, 4 ತಟಸ್ಥ. ಆ ನಾಲ್ಕರಲ್ಲಿ ಅಮೆರಿಕ ಮತ್ತು ಚೀನಾ ಇದ್ದವು. ಇಬ್ಬರೂ ವೀಟೋ ಇರುವ ಕಾಯಂ ಸದಸ್ಯರು, ಒಬ್ಬರು ವಿರೋಧ ಅಂದಿದ್ದರೂ ನಿರ್ಣಯ ಸತ್ತುಹೋಗುತ್ತಿತ್ತು. ಅವರು ತಟಸ್ಥ ಉಳಿದದ್ದಕ್ಕೇ ಬಾಗಿಲು ತೆರೆಯಿತು. 2009ರಲ್ಲಿ ಸೂಡಾನ್ ಅಧ್ಯಕ್ಷ ಒಮರ್ ಅಲ್ ಬಶೀರ್ ಮೇಲೆ ವಾರಂಟ್ ಬಂದದ್ದು ಅದರಿಂದಲೇ. ಅದೇ ಬಶೀರ್ 2015ರ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದು ಆಫ್ರಿಕಾ ಶೃಂಗಸಭೆಯಲ್ಲಿ ಕೂತು ಹೋದರು. ಭಾರತ ಆ ಕೋರ್ಟಿನ ಸದಸ್ಯ ಅಲ್ಲ, ಹಿಡಿದು ಕೊಡುವ ಕಟ್ಟುಪಾಡು ಇಲ್ಲ. ಇದು ಫ್ಲೆಕ್ಸ್‌ನಲ್ಲಿ ಇದೆಯೇ? ಇಲ್ಲದಿದ್ದರೆ ಹಾಕಿಸಿ.

ಇನ್ನೊಂದು. ಹುಡುಗರಿಗೆ ಕೋರ್ಟಿನ ಹೆಸರು ಪೂರ್ತಿ ಬರೆಯಲು ಹೇಳಿ. ಹೇಗ್ ಊರಿನಲ್ಲಿ ಎರಡು ಕೋರ್ಟು ಇವೆ. ಒಂದು ದೇಶ ದೇಶಗಳ ನಡುವಿನ ವ್ಯಾಜ್ಯಕ್ಕೆ, ಇನ್ನೊಂದು ವ್ಯಕ್ತಿಗಳ ಮೇಲಿನ ಅಪರಾಧಕ್ಕೆ. ಭಾರತ, ಪಾಕಿಸ್ತಾನದ ನಡುವಿನ ಕುಲಭೂಷಣ್ ಜಾಧವ್ ತೀರ್ಪು ಬಂದದ್ದೂ ಜುಲೈ 17ರಂದೇ, 2019ರಲ್ಲಿ. ಆದರೆ ಅದು ಮೊದಲನೆಯ ಕೋರ್ಟು. ನೋಡಲು ಬಂದವರು ಖಂಡಿತ ಕಲಸಿಬಿಡುತ್ತಾರೆ. ‘ಐಸಿಸಿ’ ಅಂತ ಚಿಕ್ಕದು ಮಾಡಿದರೆ ಕ್ರಿಕೆಟ್ ಅಂದುಕೊಳ್ಳುತ್ತಾರೆ.

ಪದಕ್ಕೆ ನನ್ನ ಸಲಹೆ: ‘ಉತ್ತರಹೊಣೆ’. ಚಿಕ್ಕದು, ಅರ್ಥವೂ ಆಗುತ್ತದೆ.

ಗದಗದಿಂದ, ಮಾಸ್ತರ್

ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ಬಿಡಿ.

ಧಾರವಾಡದಿಂದ, ಅನುವಾದಕಿ

ಈಗಷ್ಟೇ ಲೈನ್ ಬಜಾರ್ ಕಡೆಯಿಂದ ಬಂದೆ. ಅಳತೆ ಸರಿ ಹೊಂದುತ್ತದೋ ನೋಡೋಣ ಅಂತ ಒಂದು ಕರಡು ಹಿಡಿದುಕೊಂಡು ಫ್ಲೆಕ್ಸ್ ಅಂಗಡಿಗೆ ಹೋಗಿದ್ದೆ. ಹುಡುಗ ನನ್ನ ಯೂನಿಕೋಡ್ ಬರಹವನ್ನು ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ತಿರುಗಿಸಿ ಅಂಟಿಸಿದ. ‘ಉತ್ತರದಾಯಿತ್ವ’ ಸಾಲಿನ ತುದಿಗೆ ಬಂದು ಮುರಿಯಿತು. ‘ಉತ್ತರದಾಯಿ’ ಮೇಲೆ, ‘ತ್ವ’ ಒಂದೇ ಕೆಳಗೆ. ಅಕ್ಷರ ಸಣ್ಣ ಮಾಡಿದ, ಆಗಲೂ ಕೂಡಲಿಲ್ಲ. ಸಾಲು ತಿದ್ದುತ್ತಾ ಅವನೇ ಕೇಳಿದ: “ಅಕ್ಕಾರ, ತಟಸ್ಥ ಅಂದ್ರ ಭಾರತ ಏನೂ ಮಾತಾಡ್ಲಿಲ್ಲ ಅಂತೇನ್ರೀ?”

ನನ್ನ ಭಯ ಇದೇ ಆಗಿತ್ತು. ಕಾನೂನು ಓದದ, ಆದರೆ ಸಾಲು ಸಾಲು ಓದಿ ಅಚ್ಚು ಮಾಡುವ ಹುಡುಗನಿಗೆ ಹಾಗೆ ಅನ್ನಿಸಿದರೆ ಪ್ರದರ್ಶನ ನೋಡಲು ಬರುವ ಎಲ್ಲರಿಗೂ ಹಾಗೇ ಅನ್ನಿಸುತ್ತದೆ.

ವಕೀಲರೇ, ಮತ ಮತವೇ ಅಂದಿರಿ. ಒಪ್ಪಿದೆ. ಆದರೆ ಈ ಕಾಲಂ ನೋಡಿ. ಇದು ಐದನೆಯ ಫ್ಲೆಕ್ಸ್, ಶ್ರೀಲಂಕಾದ್ದು:

2012 – ಪರ (24 ಪರ, 15 ವಿರೋಧ, 8 ತಟಸ್ಥ)
2013 – ಪರ (25, 13, 8)
2014 – ತಟಸ್ಥ (23, 12, 12)
2021 – ತಟಸ್ಥ (22, 11, 14)
2022 – ತಟಸ್ಥ (20, 7, 20)

2014ರಲ್ಲಿ ಏನಾಯಿತು? ಹೊರಗಿನವರು ಬಂದು ತನಿಖೆ ಮಾಡುವ ವ್ಯವಸ್ಥೆ ನಿರ್ಣಯದಲ್ಲಿ ಸೇರಿತು. ಅದು ಒಂದು ದೇಶದ ಸಾರ್ವಭೌಮತ್ವದಲ್ಲಿ ಕೈ ಹಾಕಿದಂತೆ ಎಂದು ಭಾರತ ಸಭೆಯಲ್ಲೇ ಹೇಳಿತು. ಅಪರಾಧಕ್ಕೆ ಉತ್ತರ ಬೇಕು, ಆದರೆ ಅದನ್ನು ಆ ದೇಶದ ಒಳಗಿನ ವ್ಯವಸ್ಥೆಯೇ ಪಡೆಯಬೇಕು ಅನ್ನುವುದು ಆ ನಿಲುವು. ನಾನು ಆ ನಿಲುವನ್ನು ಒಪ್ಪುತ್ತೇನೋ ಬಿಡುತ್ತೇನೋ, ಅದು ಬೇರೆ. ನನಗಂತೂ ಶ್ರೀಲಂಕಾದ ತಾಯಂದಿರು ಮಕ್ಕಳ ಫೋಟೋ ಹಿಡಿದು ರಸ್ತೆ ಬದಿ ಕೂತ ಚಿತ್ರ ನೋಡಿದಾಗ ಸಂಕಟವಾಗುತ್ತದೆ. ಆದರೆ ಸರ್ಕಾರ ಹೇಳಿದ್ದನ್ನು ಹೇಳಿದಂತೆ ಬರೆಯುವುದು ಅನುವಾದಕಿಯ ಕೆಲಸ. ತಟಸ್ಥ ಅಂತ ಒಂದೇ ಪದ ಹಾಕಿದರೆ ನಿಲುವೇ ಇರಲಿಲ್ಲ ಅನ್ನಿಸುತ್ತದೆ. ನಿಲುವು ಇತ್ತು. ಒಪ್ಪುವವರಿಗೂ ಬೈಯುವವರಿಗೂ ಅದು ಗೊತ್ತಾಗಬೇಕು.

ಲಿಬಿಯಾ ಇನ್ನೂ ಚೆನ್ನಾಗಿ ತೋರಿಸುತ್ತದೆ. 2011ರ ಫೆಬ್ರವರಿ 26ರಂದು ಲಿಬಿಯಾವನ್ನು ಇದೇ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸುವ ನಿರ್ಣಯಕ್ಕೆ ಭಾರತ ‘ಪರ’ ಅಂದಿತು. ತಾನು ಸದಸ್ಯನೇ ಅಲ್ಲದ ಕೋರ್ಟಿಗೆ! ಮಂಡಳಿಯ 15 ದೇಶಗಳೂ ಪರ ಅಂದವು. ಮತ ಹಾಕುವಾಗಲೇ, ಇಲ್ಲಿ ಕೂತಿರುವ ಐದು ದೇಶ ಆ ಕೋರ್ಟಿನ ಸದಸ್ಯರಲ್ಲ, ಅದರಲ್ಲಿ ಮೂರು ಕಾಯಂ ಸದಸ್ಯ ದೇಶಗಳು ಅಂತ ನೆನಪಿಸಿತು. ಮೂರು ವಾರ ಕಳೆದು ಮಾರ್ಚ್ 17ರಂದು ಅದೇ ಲಿಬಿಯಾದ ಮೇಲೆ ಸೇನಾಬಲ ಬಳಸುವ ನಿರ್ಣಯ ಬಂತು. ಆಗ ತಟಸ್ಥ. ಹತ್ತು ಪರ, ಐದು ತಟಸ್ಥ. ‘ಪರ’ ಅಂದಾಗಲೂ ಅಸಮಾಧಾನ ಇತ್ತು, ‘ತಟಸ್ಥ’ ಅಂದಾಗಲೂ ಇತ್ತು. ಈ ಅಸಮಾಧಾನವನ್ನು ಹಿಡಿಯುವ ಪದ ಬೇಕು ನನಗೆ.

‘ಮತ ಹಾಕಲಿಲ್ಲ’ ಅಂತ ಬರೆದರೆ ಹೇಗೆ? ಹುಡುಗನಿಗೆ ಓದಿ ಹೇಳಿದೆ, ಅವನಿಗೆ ತಿಳಿಯಿತು.

ಹಾವೇರಿಯಿಂದ, ವಕೀಲ

ತಪ್ಪು. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ದಾಖಲೆಯಲ್ಲಿ ಮತ ಹಾಕದವರ ಪಟ್ಟಿ ಬೇರೆ ಇರುತ್ತದೆ. ನೀವು ‘ಮತ ಹಾಕಲಿಲ್ಲ’ ಅಂದರೆ ಭಾರತವನ್ನು ಆ ಪಟ್ಟಿಗೆ ಸೇರಿಸಿದಂತೆ. ಸುಲಭ ಆಯಿತು ಅಂತ ತಪ್ಪು ಬರೆಯಲು ಬರುವುದಿಲ್ಲ. ತಟಸ್ಥ ಕಾಲಂ ಮುಟ್ಟಬೇಡಿ.

ಗದಗದಿಂದ, ಮಾಸ್ತರ್

ತಂಗಿ ಬರೆದ ಕೊನೆಯ ಮೇಲ್ ಎರಡು ಸಲ ಓದಿದೆ. ವಿಷಯ ದೊಡ್ಡದು. ಅದಕ್ಕೇ ಪದದ ಬಗ್ಗೆ ಇಷ್ಟು ಹಟ ಮಾಡುತ್ತಿದ್ದೇನೆ.

ಒಂದು ಮಾತು ಕೇಳಿ. ಈ ಚರ್ಚೆಯಲ್ಲಿ ಬಂದ ಪದಗಳನ್ನು ಎಣಿಸಿ. ಜಬಾಬು, ಗೈರು, ವಾರಂಟ್, ಜಾಮೀನು, ಕಾಲಂ. ಕನ್ನಡ ಎಲ್ಲಿದೆ? ಕೊಲೆಯಂಥ ಕೊಲೆಯ ಬಗ್ಗೆ ಮಾತಾಡುವಾಗಲೂ ನಮಗೆ ಹೊರಗಿನ ಪದವೇ ಬೇಕೇ? ವಾರಂಟ್‌ಗೆ ‘ಸೆರೆಯೋಲೆ’ ಅನ್ನಬಹುದು. ಸೆರೆ ಇದೆ, ಓಲೆ ಇದೆ, ಎರಡೂ ನಮ್ಮವು. ‘ನರಮೇಧ’ವನ್ನೂ ಬಿಡಿ. ಮೇಧ ಎಂದರೆ ಯಾಗ. ಒಂದು ಜನಾಂಗವನ್ನೇ ಅಳಿಸುವ ಪಾಪಕ್ಕೆ ಯಾಗದ ಹೆಸರು ಕೊಡುವುದು ನನಗೆ ಸಹಿಸಲಿಕ್ಕೆ ಆಗುವುದಿಲ್ಲ. ‘ಕುಲಗೊಲೆ’ ಅನ್ನಿ. ಓದಿದ ಕೂಡಲೇ ಎದೆ ಝಲ್ ಅನ್ನಬೇಕು.

ಹಾವೇರಿಯಿಂದ, ವಕೀಲ

ನರಮೇಧದ ಬಗ್ಗೆ ನೀವು ಹೇಳಿದ್ದು ಸರಿ, ಅದನ್ನು ಒಪ್ಪಿದೆ. ಆದರೆ ‘ಕುಲಗೊಲೆ’ಯಲ್ಲಿ ‘ಕುಲ’ ಸಂಸ್ಕೃತ ಮಾಸ್ತರೇ, ನಿಮ್ಮ ಲೆಕ್ಕದಲ್ಲಿ ಅದೂ ಅರಿಸಮಾಸ. ಹುಬ್ಬಳ್ಳಿಯವರ ‘ಉತ್ತರಹೊಣೆ’ ಮೇಲೆ ಹಾಕಿದ ನಿಯಮ ನಿಮಗೂ ಇದೆ. 1948ರ ಒಡಂಬಡಿಕೆಯಲ್ಲಿ ಆ ಅಪರಾಧದ ತಿರುಳು ಎಂದರೆ ಒಂದು ಗುಂಪನ್ನು ಇಲ್ಲವಾಗಿಸುವ ಉದ್ದೇಶ. ಭಾರತ ಅದನ್ನು 1959ರಲ್ಲಿ ಒಪ್ಪಿಕೊಂಡಿದೆ, ಆದರೆ ದೇಶದೊಳಗೆ ಅದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿಲ್ಲ. ಹಾಗಾಗಿ ನಮ್ಮ ಕೋರ್ಟುಗಳಲ್ಲಿ ಕನ್ನಡ ಪದ ರೂಢಿಗೆ ಬಂದೇ ಇಲ್ಲ. ‘ಜನಾಂಗ ಹತ್ಯೆ’ ಸಾಕು. ಎಲ್ಲರಿಗೂ ತಿಳಿಯುತ್ತದೆ.

ಸೆರೆಯೋಲೆ ಬೇಡ. ಕೈಮುಗಿದು ಹೇಳುತ್ತೇನೆ, ಬೇಡ. ವಕೀಲ, ದಾವೆ, ಫಿರ್ಯಾದಿ, ಅರ್ಜಿ, ವಾರಸುದಾರ, ಜಾಮೀನು: ಇವನ್ನೆಲ್ಲ ಹೊರಗಿನವು ಅಂತ ತೆಗೆದರೆ ನಾಳೆ ಬೆಳಗ್ಗೆ ನನ್ನ ಕಕ್ಷಿದಾರನ ಜೊತೆ ಮಾತಾಡಲು ನನಗೆ ಪದ ಉಳಿಯುವುದಿಲ್ಲ. ಹೊಲದ ಕೇಸಿಗೆ ಬರುವ ಅಜ್ಜಿಗೆ ವಾರಂಟ್ ಗೊತ್ತು. ಅವಳ ಮಗನ ಮೇಲೆ ಬಂದಿತ್ತು, ಅದಕ್ಕೇ ಗೊತ್ತು. ಆ ಪದ ಅವಳ ಮನೆಗೆ ಬಂದು ಅವಳದ್ದಾಗಿದೆ. ನಿಘಂಟಿನಲ್ಲಿ ಕೂತು ಅವಳಿಂದ ಅದನ್ನು ಕಸಿಯಬೇಡಿ. ಅವಳು ಹೇಳಿದ್ದೇ ಕನ್ನಡ.

ಗದಗದಿಂದ, ಮಾಸ್ತರ್

ಅಜ್ಜಿಯ ಮೇಲೆ ನನಗೂ ಗೌರವ ಇದೆ. ಆದರೆ ಅಜ್ಜಿ ಹೊಸ ಪದ ಕಲಿಯಲಾರಳು ಅಂತ ತೀರ್ಮಾನ ಮಾಡಿದವರು ನೀವು. ‘ದೂರವಾಣಿ’ ಸೋತಿತು ನಿಜ. ‘ಆಕಾಶವಾಣಿ’ ಗೆಲ್ಲಲಿಲ್ಲವೇ? ಧಾರವಾಡ ಆಕಾಶವಾಣಿ ಅಂತ ನಮ್ಮ ರೈತರು ಅನ್ನುವುದಿಲ್ಲವೇ? ಕೊಟ್ಟು ನೋಡಬೇಕು. ಕೊಡದೆ ಬಾಯಿಗೆ ಬರುವುದಿಲ್ಲ.

‘ಕುಲ’ ವಿಷಯದಲ್ಲಿ ನೀವು ಹಿಡಿದ ತಪ್ಪು ಸರಿ. ಹಿಂದಕ್ಕೆ ತಗೊಂಡೆ.

ಹುಬ್ಬಳ್ಳಿಯಿಂದ, ಡೆಸ್ಕ್‌ನವನು

ರಾತ್ರಿ ಹನ್ನೆರಡಾಯಿತು, ಪುಟ ಹೋಯಿತು, ಈಗ ಓದಿದೆ. ಎರವಲು ಪದದ ಜಗಳ ನಾಳೆ ಮುಂದುವರಿಸಿ, ಅಕ್ಕಾರಿಗೆ ಹನ್ನೊಂದು ಗಂಟೆಗೆ ಫೈಲ್ ಬೇಕು.

ನನಗೆ ಒಂದು ಹೊಳೆಯಿತು. ತಾಲೂಕು ಕಚೇರಿಯಲ್ಲಿ ಹೊಲದ ಖಾತೆ ಬದಲಾಗುವಾಗ ಅಣ್ಣತಮ್ಮಂದಿರು ಏನು ಮಾಡುತ್ತಾರೆ? ‘ತಕರಾರು’ ಹಾಕುತ್ತಾರೆ. ತಕರಾರು ಎಂದರೆ ಸುಮ್ನೆ ಜಗಳ ಅಲ್ಲ, ದಾಖಲೆಯಲ್ಲಿ ಬರೆಸಿದ ಅಸಮಾಧಾನ. ಭಾರತ ಮಾಡಿದ್ದು ಅದನ್ನೇ ಅಲ್ವಾ? ಮತ ಹಾಕಿದ ಮೇಲೆ ತಾನು ಏಕೆ ಹೀಗೆ ಮಾಡಿದೆ ಅಂತ ವಿವರಣೆ ಬರೆಸುತ್ತದೆ. ಕಾಲಂನಲ್ಲಿ ತಟಸ್ಥ ಇರಲಿ, ವಕೀಲರ ಮಾತು ಉಳಿಯಲಿ. ಕೆಳಗಿನ ಸಾಲಿನಲ್ಲಿ ತಕರಾರು ಬರಲಿ. ಲಿಬಿಯಾಕ್ಕೂ ಇದು ನಡೆಯುತ್ತದೆ: ಪರ ಮತ ಹಾಕಿಯೂ ತಕರಾರು ಬರೆಸಿತು.

ಧಾರವಾಡದಿಂದ, ಅನುವಾದಕಿ

ಬೆಳಗ್ಗೆ ಎದ್ದು ಇದನ್ನು ಓದಿ ಮನಸ್ಸು ಹಗುರಾಯಿತು. ನಾನು ಹುಡುಕುತ್ತಿದ್ದ ಪದ ಇದೇ. ಹೊರಗಿನಿಂದ ಬಂದ ಪದ, ಮಾಸ್ತರಿಗೆ ಬೇಜಾರಾಗುತ್ತದೆ ಅಂತ ಗೊತ್ತು. ಆದರೆ ನಮ್ಮ ಮನೆಯಲ್ಲೇ ಹನ್ನೆರಡು ವರ್ಷ ಒಂದು ಹೊಲದ ತಕರಾರು ನಡೆಯಿತು. ಅಪ್ಪ ಪ್ರತಿ ತಾರೀಖಿಗೆ ಹೋಗುತ್ತಿದ್ದರು. ಒಂದು ಸಲವೂ ಕೂಗಾಡಿದವರಲ್ಲ, ಒಂದು ಸಲವೂ ಒಪ್ಪಿದವರಲ್ಲ. ಈ ಪದದಲ್ಲಿ ಆ ಎರಡೂ ಇವೆ.

‘ಉತ್ತರದಾಯಿತ್ವ’ ತೆಗೆದೆ. ನಾಮಪದವೇ ಬೇಡ ಅನ್ನಿಸಿತು. ಕನ್ನಡದಲ್ಲಿ ಕ್ರಿಯಾಪದ ಹಾಕಿದರೆ ಯಾರು ಉತ್ತರ ಕೊಡಬೇಕು, ಯಾರು ಕೇಳಬೇಕು ಅನ್ನುವುದು ತಾನಾಗಿ ಬರುತ್ತದೆ. ‘ಉತ್ತರದಾಯಿತ್ವ’ ಅಂದಾಗ ಆ ಇಬ್ಬರೂ ಕಾಣುವುದಿಲ್ಲ. ಭಾರತದ ತಕರಾರು ಇರುವುದೂ ಅಲ್ಲಿಯೇ, ಕೇಳುವವರು ಯಾರು ಅನ್ನುವುದರಲ್ಲಿ. ‘ಜಬಾಬು’ ಚೆನ್ನಾಗಿದೆ ವಕೀಲರೇ, ಆದರೆ ಬೆಂಗಳೂರಿನಿಂದ ಬಂದ ವಿದ್ಯಾರ್ಥಿಗಳಿಗೆ ಅದು ತಿಳಿಯಲಿಲ್ಲ, ಕೇಳಿ ನೋಡಿದೆ.

ಐದನೆಯ ಫ್ಲೆಕ್ಸ್ ಈಗ ಹೀಗಿದೆ:

“ಯುದ್ಧದಲ್ಲಿ ಅಪರಾಧ ಮಾಡಿದವರು ಉತ್ತರ ಕೊಡಬೇಕು. ಕೇಳುವವರು ಯಾರು? 2012 ಮತ್ತು 2013ರಲ್ಲಿ ಭಾರತ ನಿರ್ಣಯದ ಪರ ಮತ ಹಾಕಿತು. 2014ರಲ್ಲಿ ಹೊರಗಿನ ತನಿಖೆ ಸೇರಿದಾಗ ತಕರಾರು ಬರೆಸಿ ತಟಸ್ಥವಾಯಿತು. 2021, 2022ರಲ್ಲಿಯೂ ಮತ ತಟಸ್ಥ.”

ಮೊದಲನೆಯದರಲ್ಲಿ: “ರೋಮ್, 1998. ಭದ್ರತಾ ಮಂಡಳಿಯ ಹಿಡಿತ ಬೇಡ, ಅಣ್ವಸ್ತ್ರವನ್ನೂ ಸೇರಿಸಿ ಎಂದು ಕೇಳಿದ ಭಾರತ, ಅದು ಆಗದಿದ್ದಾಗ ತಕರಾರು ಹೇಳಿ ತಟಸ್ಥವಾಯಿತು. ಇಂದಿಗೂ ಸಹಿ ಹಾಕಿಲ್ಲ.” ಬಶೀರ್ ದೆಹಲಿಗೆ ಬಂದದ್ದು ಮೂರನೆಯದರಲ್ಲಿ ಸೇರಿಸಿದ್ದೇನೆ, ವಾರಂಟ್ ಅನ್ನುವ ಪದದೊಂದಿಗೆ. ‘ನರಮೇಧ’ ಎಲ್ಲ ಕಡೆ ತೆಗೆದು ‘ಜನಾಂಗ ಹತ್ಯೆ’ ಮಾಡಿದ್ದೇನೆ. ಅದು ಮಾಸ್ತರಿಂದ ಆದ ಉಪಕಾರ.

ಹತ್ತೂವರೆ ಆಯಿತು. ಅಂಗಡಿಗೆ ಹೊರಟೆ.

ಗದಗದಿಂದ, ಮಾಸ್ತರ್

ಕ್ರಿಯಾಪದ ಮಾಡಿದ್ದು ಬಹಳ ಒಳ್ಳೆಯದಾಯಿತು ತಂಗಿ. ಎರಡು ದಿನದಲ್ಲಿ ನಮಗ್ಯಾರಿಗೂ ಅದು ಹೊಳೆಯಲಿಲ್ಲ. ತಕರಾರಿಗೆ ನನ್ನ ಒಪ್ಪಿಗೆ ಇಲ್ಲ, ಅದನ್ನೂ ಬರೆದಿಡಿ. ‘ಅಂತಾರಾಷ್ಟ್ರೀಯ’ ತಿದ್ದಿದ್ದೀರಾ? ಹನ್ನೊಂದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ.